ಬಟಾಟೆ, ಗೆಣಸಿನ ಸೂಪು ರಾತ್ರಿಯ ಊಟಕ್ಕೆ ಸಾಕಾಗಬೇಕಾದರೆ

ನಮ್ಮ ಕರಾವಳಿಯ ಮನೆಗಳಲ್ಲಿ ಮಳೆಗಾಲದ ರಾತ್ರಿಗೆ ಗಂಜಿಯೇ ಊಟ. ಕುಚ್ಚಲಕ್ಕಿ ಗಂಜಿ, ಒಂದು ಚಟ್ನಿ, ಸುಟ್ಟ ಒಣಮೀನು, ಇಲ್ಲವಾದರೆ ಉಪ್ಪಿನಕಾಯಿ. ಇದರ ಮುಂದೆ ಸೂಪು ಎಂದರೆ ಮದುವೆ ಔತಣದಲ್ಲಿ ಊಟಕ್ಕೆ ಮೊದಲು ಸಣ್ಣ ಬಟ್ಟಲಲ್ಲಿ ಕೊಡುವ ಖಾರದ ನೀರು ಎಂಬ ಭಾವನೆ ಇಂದಿಗೂ ಹಲವರಲ್ಲಿದೆ. ಆ ಸೂಪಿನ ವಿಷಯದಲ್ಲಿ ಈ ಅಭಿಪ್ರಾಯ ತಪ್ಪೇನಲ್ಲ. ಆದರೆ ಬಟಾಟೆ ಮತ್ತು ಗೆಣಸಿನಿಂದ ಮಾಡುವ ಗಟ್ಟಿ ಸೂಪು ಬೇರೆಯದೇ ಜಾತಿಗೆ ಸೇರಿದ್ದು. ಅದು ಗಂಜಿಯ ಸಂಬಂಧಿ. ಸರಿಯಾಗಿ ಮಾಡಿದರೆ ಅದೊಂದೇ ರಾತ್ರಿಯ ಊಟವಾಗುತ್ತದೆ.

ಈ ವಿಷಯವನ್ನು ಇಲ್ಲಿ ಪ್ರಸ್ತಾಪಿಸಲು ಕಾರಣವಿದೆ. ಮಕ್ಕಳು ಗಲ್ಫ್‌ನಲ್ಲೋ ಬೆಂಗಳೂರಿನಲ್ಲೋ ಇದ್ದು, ಪ್ರಾಯವಾದ ಗಂಡ ಹೆಂಡತಿ ಇಬ್ಬರೇ ಇರುವ ಮನೆಗಳು ನಮ್ಮ ಪ್ರತಿಯೊಂದು ವಾಳೆಯಲ್ಲೂ ಇವೆ. ಹಲ್ಲು ಹೋಗಿರುತ್ತದೆ, ಹಸಿವು ಕಡಿಮೆ. ರಕ್ತದೊತ್ತಡಕ್ಕೆಂದು ವೈದ್ಯರು ಉಪ್ಪಿನಕಾಯಿ, ಒಣಮೀನು ಬಿಡಿಸಿರುತ್ತಾರೆ. ಅವೆರಡೂ ಇಲ್ಲದ ಗಂಜಿ ಗಂಟಲಲ್ಲಿ ಇಳಿಯುವುದಿಲ್ಲ. ಕೊನೆಗೆ ಚಹಾದಲ್ಲಿ ಅದ್ದಿದ ನಾಲ್ಕು ಬಿಸ್ಕೆಟುಗಳೇ ರಾತ್ರಿಯ ಊಟವಾಗುತ್ತದೆ. ಇಂತಹ ಮನೆಗಳಿಗೆ, ಜ್ವರದಿಂದ ಎದ್ದವರಿಗೆ, ಹೊಸದಾಗಿ ಹಲ್ಲಿನ ಸೆಟ್ಟು ಹಾಕಿಸಿಕೊಂಡವರಿಗೆ ಈ ಸೂಪು ನಿಜವಾದ ಉಪಕಾರ ಮಾಡಬಲ್ಲದು. ತಪಸ್ಸುಕಾಲದ ಶುಕ್ರವಾರಗಳ ಮಾಂಸವಿಲ್ಲದ ರಾತ್ರಿಯೂಟಕ್ಕೂ ಇದು ಹೊಂದುತ್ತದೆ. ಆದರೆ ಒಂದು ಷರತ್ತು ಇದೆ: ಬರೇ ಗೆಡ್ಡೆಯನ್ನು ಬೇಯಿಸಿ ಅರೆದರೆ ಅದು ಹಿಟ್ಟಿನ ನೀರು ಮಾತ್ರ. ಊಟವಾಗಬೇಕಾದರೆ ಅದಕ್ಕೆ ಬೇಳೆ, ಮೊಟ್ಟೆ, ಹಾಲು, ಮೀನು, ಮಾಂಸ ಇವುಗಳಲ್ಲಿ ಏನಾದರೊಂದು ಸೇರಲೇಬೇಕು.

ಲೆಕ್ಕ ನೋಡಿ. ಅರ್ಧ ಕಿಲೋ ಬಟಾಟೆಯಲ್ಲಿರುವ ಪ್ರೊಟೀನು ಸುಮಾರು 10 ಗ್ರಾಂ. ನಾಲ್ಕು ಜನರಿಗೆ ಹಂಚಿದರೆ ತಲಾ ಎರಡೂವರೆ ಗ್ರಾಂ. ಗೆಣಸಿನಲ್ಲಿ ಅದೂ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೊಟೀನು ಬೇಕು. ಅಂದರೆ 55 ಕಿಲೋ ತೂಗುವವರಿಗೆ ಸುಮಾರು 46 ಗ್ರಾಂ. ಸೂಪಿಗೆ 100 ಗ್ರಾಂ ಹೆಸರುಬೇಳೆ ಸೇರಿಸಿದರೆ ತಲಾ 6 ಗ್ರಾಂ ಹೆಚ್ಚಾಯಿತು. ಬಡಿಸುವಾಗ ಒಂದು ಬೇಯಿಸಿದ ಮೊಟ್ಟೆ ಹೆಚ್ಚಿಹಾಕಿದರೆ ಇನ್ನೊಂದು 6 ಗ್ರಾಂ. ಖರ್ಚು ಹೆಚ್ಚಿಲ್ಲ, ಆದರೆ ಊಟದ ಅರ್ಥವೇ ಬದಲಾಗುತ್ತದೆ.

ಹೆಸರಿನ ಕಥೆ, ಆರಿಸುವ ಕ್ರಮ

ಘಟ್ಟದ ಮೇಲಿನವರು ಆಲೂಗಡ್ಡೆ ಎನ್ನುವುದನ್ನು ನಾವು ಬಟಾಟೆ ಎನ್ನುತ್ತೇವೆ. ಈ ಮಾತು ಪೋರ್ಚುಗೀಸರಿಂದ ಬಂದದ್ದೆಂದು ಎಲ್ಲರಿಗೂ ತಿಳಿದಿದೆ. ಅದಕ್ಕಿಂತ ಹಿಂದಿನ ಕಥೆ ಸ್ವಾರಸ್ಯವಾದದ್ದು: ‘ಬಟಾಟ’ ಎಂಬುದು ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳು ಗೆಣಸಿಗೆ ಹೇಳುತ್ತಿದ್ದ ಹೆಸರು. ಯುರೋಪಿನವರು ಮೊದಲು ಕಂಡದ್ದು ಗೆಣಸನ್ನು; ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳ ಬಟಾಟೆ ಆಮೇಲೆ ಸಿಕ್ಕಾಗ ಅದೇ ಹೆಸರನ್ನು ಅದಕ್ಕೂ ಅಂಟಿಸಿದರು. ಹೆಸರು ಒಂದೇ ಆದರೂ ಇವೆರಡೂ ದಾಯಾದಿಗಳಲ್ಲ. ಬಟಾಟೆ ಬದನೆ, ಟೊಮೆಟೊಗಳ ಕುಟುಂಬಕ್ಕೆ ಸೇರಿದ್ದು. ಗೆಣಸು ಹೂಬಳ್ಳಿಗಳ ಇನ್ನೊಂದು ಕುಟುಂಬದ್ದು. ಒಲೆಯ ಮೇಲೂ ಇವು ಬೇರೆ ಬೇರೆಯಾಗಿ ವರ್ತಿಸುತ್ತವೆ. ಸೂಪು ಕೆಡುವುದು ಹೆಚ್ಚಾಗಿ ಈ ವ್ಯತ್ಯಾಸ ತಿಳಿಯದೇ ಎರಡನ್ನೂ ಒಂದೇ ರೀತಿ ಬೇಯಿಸಿ ಮಿಕ್ಸಿಗೆ ಹಾಕುವುದರಿಂದ. (ಮರಗೆಣಸು ಮೂರನೆಯ ಜಾತಿ. ಅದರ ಬೇಯಿಸುವ ನಿಯಮವೇ ಬೇರೆ, ಅದನ್ನು ಗೆಣಸಿನ ಬದಲಿಗೆ ಬಳಸಬೇಡಿ.)

ನಮ್ಮ ಮಾರುಕಟ್ಟೆಗೆ ಹಾಸನದ ಬಟಾಟೆ ಬರುತ್ತದೆ, ಉತ್ತರ ಭಾರತದ ಶೀತಗೃಹಗಳಲ್ಲಿ ತಿಂಗಳುಗಟ್ಟಲೆ ಇದ್ದದ್ದೂ ಬರುತ್ತದೆ. ತೀರಾ ತಂಪಿನಲ್ಲಿಟ್ಟ ಬಟಾಟೆಯ ಹಿಟ್ಟಿನ ಅಂಶ ಸ್ವಲ್ಪ ಸ್ವಲ್ಪವಾಗಿ ಸಕ್ಕರೆಯಾಗಿ ಬದಲಾಗುತ್ತದೆ. ಸೂಪು ಕಾರಣವಿಲ್ಲದೆ ಸಿಹಿಯಾಗಿದ್ದರೆ ಇದೇ ಕಾರಣ. ಅಂತಹ ಬಟಾಟೆಯನ್ನು ಒಂದು ವಾರ ಮನೆಯ ಕತ್ತಲೆ ಮೂಲೆಯಲ್ಲಿ ಗಾಳಿಯಾಡುವಂತೆ ಇಟ್ಟರೆ ರುಚಿ ಬಹುಮಟ್ಟಿಗೆ ಸುಧಾರಿಸುತ್ತದೆ. ಮನೆಯಲ್ಲಿ ಫ್ರಿಜ್ಜಿನಲ್ಲಿ ಇಡಬಾರದು ಎನ್ನುವುದಕ್ಕೂ ಇದೇ ಕಾರಣ. ಸಿಪ್ಪೆ ಹಸಿರಾದ ಬಟಾಟೆಯಲ್ಲಿ ಸೊಲನಿನ್ ಎಂಬ ವಿಷವಸ್ತು ಇರುತ್ತದೆ, ಬೇಯಿಸಿದರೂ ಅದು ನಾಶವಾಗುವುದಿಲ್ಲ. ಅಲ್ಲಲ್ಲಿ ಹಸಿರಿದ್ದರೆ ಆ ಭಾಗವನ್ನೂ ಮೊಳಕೆಯ ಕಣ್ಣುಗಳನ್ನೂ ಧಾರಾಳವಾಗಿ ಕೆತ್ತಿ ತೆಗೆಯಿರಿ. ಬಹಳ ಹಸಿರಾಗಿದ್ದರೆ, ತಿಂದಾಗ ಕಹಿ ಎನಿಸಿದರೆ, ಎಸೆದುಬಿಡಿ. ಗೆಣಸಿಗೆ ಮೂತಿಹುಳದ ಕಾಟ. ಹುಳ ಕೊರೆದ ಗೆಣಸು ಕಹಿಯಾಗುತ್ತದೆ, ಆ ಕಹಿಯೂ ಬೇಯಿಸಿದರೆ ಹೋಗುವಂಥದ್ದಲ್ಲ. ಸಣ್ಣ ಕಪ್ಪು ರಂಧ್ರಗಳಿರುವ ಗೆಣಸನ್ನು ಅಗ್ಗಕ್ಕೆ ಸಿಕ್ಕಿದರೂ ಕೊಳ್ಳಬೇಡಿ.

ಬಟಾಟೆ: ಮಿಕ್ಸಿಯಿಂದ ದೂರವಿಡಿ

ಬಟಾಟೆಯ ಸೂಪು ಗಟ್ಟಿಯಾಗಲು ಜೋಳದ ಹಿಟ್ಟು, ಮೈದಾ, ಕ್ರೀಮು ಯಾವುದೂ ಬೇಕಾಗಿಲ್ಲ. ಬೆಂದ ಬಟಾಟೆಯ ಒಳಗಿನ ಹಿಟ್ಟೇ ಅದಕ್ಕೆ ಸಾಕು. ಅಂಗಡಿಯ ಪೊಟ್ಟಣದ ಸೂಪುಗಳನ್ನು ಗಟ್ಟಿ ಮಾಡುವುದು ಸಾಮಾನ್ಯವಾಗಿ ಜೋಳದ ಹಿಟ್ಟು, ರುಚಿ ಕೊಡುವುದು ಉಪ್ಪು. ಆ ಎರಡಕ್ಕೆ ಹಣ ಕೊಡುವುದಕ್ಕಿಂತ ಎರಡು ಬಟಾಟೆ ಹೆಚ್ಚು ಹಾಕುವುದು ಲೇಸು.

ಚೆನ್ನಾಗಿ ಬೆಂದ ಬಟಾಟೆಯನ್ನು ಸೌಟಿನ ಹಿಂಬದಿಯಿಂದಲೋ ಮಂತಿನಿಂದಲೋ ಒತ್ತಿದರೆ ಅದರ ಕಣಗಳು ಒಂದರಿಂದೊಂದು ಬಿಡುತ್ತವೆ, ಆದರೆ ಒಡೆಯುವುದಿಲ್ಲ. ಸೂಪು ನಯವಾಗಿ ಗಟ್ಟಿಯಾಗುತ್ತದೆ. ಅದನ್ನೇ ಮಿಕ್ಸಿಗೆ ಹಾಕಿ ತಿರುಗಿಸಿದರೆ ಬ್ಲೇಡು ಕಣಗಳನ್ನು ಹರಿದುಹಾಕುತ್ತದೆ, ಒಳಗಿನ ಹಿಟ್ಟು ಪೂರ್ತಿ ಹೊರಬಂದು ಸೂಪು ಅಂಟು ಅಂಟಾಗಿ ಎಳೆ ಬರುತ್ತದೆ. ಹಿಂದೆ ಪೋಸ್ಟರ್ ಅಂಟಿಸಲು ಮೈದಾ ಕುದಿಸುತ್ತಿದ್ದುದು ನೆನಪಾಗಬಹುದು! ಪೂರ್ತಿ ನುಣ್ಣಗೆ ಬೇಕೇ ಬೇಕಾದರೆ ಬೆಂದ ಬಟಾಟೆಯನ್ನು ಜರಡಿಯ ಮೂಲಕ ಒತ್ತಿ ಇಳಿಸಬೇಕು.

ನಾಲ್ಕು ಜನರಿಗೆ ಅರ್ಧ ಕಿಲೋ ಬಟಾಟೆ, 100 ಗ್ರಾಂ ಹೆಸರುಬೇಳೆ, ಎರಡು ನೀರುಳ್ಳಿ, ಆರು ಎಸಳು ಬೆಳ್ಳುಳ್ಳಿ, ಎರಡು ಚಮಚ ತೆಂಗಿನೆಣ್ಣೆ ಅಥವಾ ಬೆಣ್ಣೆ, ಒಂದೂಕಾಲು ಲೀಟರ್ ನೀರು, ಒಂದು ಲೋಟ ಹಾಲು, ಅರ್ಧ ಚಮಚ ಒಳ್ಳೆಮೆಣಸಿನ ಪುಡಿ, ಸಮತಟ್ಟಾದ ಒಂದು ಚಹಾ ಚಮಚ ಉಪ್ಪು, ಒಂದು ಹಿಡಿ ಹರಿವೆ ಅಥವಾ ಪಾಲಕ್ ಸೊಪ್ಪು ಸಾಕು. ದಪ್ಪ ತಳದ ಪಾತ್ರೆಯಲ್ಲಿ ಎಣ್ಣೆ ಕಾಯಿಸಿ ಹೆಚ್ಚಿದ ನೀರುಳ್ಳಿ, ಬೆಳ್ಳುಳ್ಳಿಯನ್ನು ಸಣ್ಣ ಉರಿಯಲ್ಲಿ ಬಾಡಿಸಿ. ಇದಕ್ಕೆ ಹತ್ತು ನಿಮಿಷವಾದರೂ ಕೊಡಿ. ಕೆಂಪಾಗುವುದು ಬೇಡ, ಆದರೆ ಪೂರ್ತಿ ಮೆತ್ತಗಾಗಿ ಸಿಹಿ ವಾಸನೆ ಬರಬೇಕು. ಕಡಿಮೆ ಉಪ್ಪಿನ ಅಡುಗೆಯಲ್ಲಿ ರುಚಿ ಹುಟ್ಟುವುದೇ ಇಲ್ಲಿ. ಅವಸರ ಮಾಡಿದರೆ ಆಮೇಲೆ ಎಷ್ಟು ಮೆಣಸಿನ ಪುಡಿ ಉದುರಿಸಿದರೂ ಆ ಕೊರತೆ ತುಂಬುವುದಿಲ್ಲ. ನಂತರ ತೊಳೆದ ಬೇಳೆಯನ್ನೂ ನೀರನ್ನೂ ಹಾಕಿ ಹತ್ತು ನಿಮಿಷ ಕುದಿಸಿ, ಹೆಬ್ಬೆರಳ ತುದಿಯಷ್ಟು ದೊಡ್ಡ ಹೋಳುಗಳಾಗಿ ಕತ್ತರಿಸಿದ ಬಟಾಟೆ ಮತ್ತು ಉಪ್ಪು ಸೇರಿಸಿ. ಇನ್ನು ಇಪ್ಪತ್ತು ನಿಮಿಷದಲ್ಲಿ ಎರಡೂ ಬೇಯುತ್ತವೆ. ಅರ್ಧದಷ್ಟು ಬಟಾಟೆಯನ್ನು ಪಾತ್ರೆಯ ಬದಿಗೆ ಒತ್ತಿ ಜಜ್ಜಿ, ಉಳಿದರ್ಧವನ್ನು ಹೋಳಾಗಿಯೇ ಬಿಡಿ. ಸೊಪ್ಪು ಹಾಕಿ ಎರಡು ನಿಮಿಷ ಕುದಿಸಿ, ಉರಿ ಆರಿಸಿ, ಬಿಸಿ ಹಾಲು ಮತ್ತು ಒಳ್ಳೆಮೆಣಸು ಬೆರೆಸಿ. ಕೆಂಪು ಹರಿವೆ ಹಾಕಿದರೆ ಸೂಪು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಮಕ್ಕಳಿಗೆ ಅದು ಇಷ್ಟ. ಬಸಳೆ ಬೇಡ, ಲೋಳೆ ಬಿಡುತ್ತದೆ.

ಜಜ್ಜುವುದನ್ನು ಕೊನೆಗೆ ಇಟ್ಟುಕೊಂಡದ್ದಕ್ಕೆ ಕಾರಣವಿದೆ: ಗಟ್ಟಿಯಾದ ಮೇಲೆ ಹಿಟ್ಟು ತಳಕ್ಕೆ ಕೂರುತ್ತದೆ, ಕಣ್ಣು ತಪ್ಪಿದರೆ ತಳ ಹಿಡಿಯುತ್ತದೆ. ಹಿಡಿದೇಬಿಟ್ಟರೆ ಕೆರೆಯಬೇಡಿ, ಮೇಲಿನದನ್ನು ಬೇರೆ ಪಾತ್ರೆಗೆ ಬಗ್ಗಿಸಿಬಿಡಿ.

ಟೊಮೆಟೊ, ಹುಣಸೆಹುಳಿ, ಬಿಂಬುಳಿ ಹಾಕುವ ಮನಸ್ಸಿದ್ದರೆ ಬಟಾಟೆ ಪೂರ್ತಿ ಬೆಂದ ನಂತರವೇ ಹಾಕಿ. ಹುಳಿ ನೀರಿನಲ್ಲಿ ಬಟಾಟೆ ಮೆತ್ತಗಾಗುವುದಿಲ್ಲ. ಒಂದು ಗಂಟೆ ಕುದಿಸಿದರೂ ಹೋಳಿನ ಅಂಚು ಗಟ್ಟಿಯಾಗಿಯೇ ಉಳಿಯುತ್ತದೆ. ಹುಳಿ ಹಾಕಿದ ಸೂಪಿಗೆ ಹಾಲು ಬೇಡ, ಒಡೆಯುತ್ತದೆ. ಇನ್ನೊಂದು ಮಾತು: ಉಪ್ಪು ಹೆಚ್ಚಾದರೆ ಬಟಾಟೆ ಹಾಕಿ, ಅದು ಉಪ್ಪನ್ನು ಹೀರುತ್ತದೆ ಎಂದು ಹಿರಿಯರು ಹೇಳುವುದಿದೆ. ಬಟಾಟೆ ಹೀರುವುದು ಉಪ್ಪುನೀರನ್ನು, ಉಪ್ಪನ್ನು ಮಾತ್ರ ಆರಿಸಿ ತೆಗೆಯುವ ಶಕ್ತಿ ಅದಕ್ಕಿಲ್ಲ. ನೀರು ಸೇರಿಸುವುದೊಂದೇ ದಾರಿ.

ಮಾಂಸ ತಿನ್ನುವ ದಿನಗಳಿಗೆ ಪೋರ್ಚುಗಲ್ಲಿನ ‘ಕಾಲ್ದೊ ವೆರ್ದೆ’ ಒಳ್ಳೆಯ ಮಾದರಿ. ಹೆಸರಿನ ಅರ್ಥ ಹಸಿರು ಸಾರು. ಉತ್ತರ ಪೋರ್ಚುಗಲ್ಲಿನ ಮಿನ್ಯೊ ಪ್ರಾಂತ್ಯದ ರೈತರ ಅಡುಗೆ ಅದು: ಜಜ್ಜಿದ ಬಟಾಟೆಯ ಸಾರಿಗೆ ನೂಲಿನಷ್ಟು ಸಣ್ಣಗೆ ಹೆಚ್ಚಿದ ಕೋಸಿನ ಜಾತಿಯ ಎಲೆ, ಮೇಲೆ ಒಂದೆರಡು ಚೂರು ಹಂದಿಮಾಂಸದ ಸಾಸೇಜು. ಗೋವಾದ ಮನೆಗಳಲ್ಲಿ ಆ ಎಲೆಯ ಬದಲು ಪಾಲಕ್ ಹಾಕಿ ಮಾಡುತ್ತಾರೆ. ಗೋವಾ ಸಾಸೇಜಿನಲ್ಲಿ ಉಪ್ಪು, ಖಾರ, ವಿನೆಗರ್ ಎಲ್ಲ ಇರುವುದರಿಂದ ಸೂಪಿಗೆ ಬೇರೆ ಉಪ್ಪು ಹಾಕುವ ಮೊದಲು ರುಚಿ ನೋಡಿ. ಕೋಳಿಯ ಎಲುಬು ಬೇಯಿಸಿದ ನೀರಿದ್ದರೆ ಅದೂ ಆಗುತ್ತದೆ.

ಗೆಣಸು: ನಿಧಾನವಾಗಿ ಕಾಯಿಸಿದಷ್ಟು ಸಿಹಿ

ಗೆಣಸಿನ ಒಳಗೆ ಹಿಟ್ಟನ್ನು ಮಾಲ್ಟೋಸ್ ಎಂಬ ಸಕ್ಕರೆಯಾಗಿ ಒಡೆಯುವ ಕಿಣ್ವ ಇದೆ. ಸುಮಾರು 60ರಿಂದ 80 ಡಿಗ್ರಿ ಬಿಸಿಯಲ್ಲಿ ಅದು ಚುರುಕಾಗಿ ಕೆಲಸ ಮಾಡುತ್ತದೆ, ಕುದಿಯುವ ಬಿಸಿಗೆ ನಾಶವಾಗುತ್ತದೆ. ಹೀಗಾಗಿ ತಣ್ಣೀರಿನಲ್ಲಿ ಹಾಕಿ ಸಣ್ಣ ಉರಿಯಲ್ಲಿ ನಿಧಾನವಾಗಿ ಬಿಸಿ ಮಾಡಿದ ಗೆಣಸು ಹೆಚ್ಚು ಸಿಹಿ. ಕುದಿಯುವ ನೀರಿಗೆ ನೇರವಾಗಿ ಹಾಕಿದ ಅಥವಾ ಕುಕ್ಕರಿನಲ್ಲಿ ಬೇಗ ಬೇಯಿಸಿದ ಗೆಣಸು ಅಷ್ಟು ಸಿಹಿಯಿಲ್ಲ. ಕೆಂಡದ ಬೂದಿಯಲ್ಲಿ ಹುಗಿದು ಸುಟ್ಟ ಗೆಣಸಿನ ರುಚಿಯ ಗುಟ್ಟು ಇದೇ. ಸೂಪು ಎಷ್ಟು ಸಿಹಿಯಾಗಿರಬೇಕು ಎಂಬುದು ಹೀಗೆ ನಿಮ್ಮ ಕೈಯಲ್ಲೇ ಇದೆ. ಹಿಟ್ಟು ಒಡೆದುಹೋಗುವುದರಿಂದ ಗೆಣಸು ಬಟಾಟೆಯಂತೆ ಅಂಟಾಗುವುದಿಲ್ಲ, ಧೈರ್ಯವಾಗಿ ಮಿಕ್ಸಿಗೆ ಹಾಕಬಹುದು.

ಸಿಹಿ ಸೂಪನ್ನು ಊಟವೆಂದು ಒಪ್ಪಿಕೊಳ್ಳಲು ನಮ್ಮ ನಾಲಗೆಗೆ ಕಷ್ಟ. ಅದಕ್ಕೆ ಶುಂಠಿ, ಹಸಿಮೆಣಸು, ಲಿಂಬೆಹುಳಿ ಜೊತೆಗಿರಬೇಕು. ಅರ್ಧ ಕಿಲೋ ಗೆಣಸಿಗೆ 100 ಗ್ರಾಂ ಮಸೂರು ಬೇಳೆ, ಒಂದು ನೀರುಳ್ಳಿ, ಒಂದು ಇಂಚು ಶುಂಠಿ, ಒಂದು ಹಸಿಮೆಣಸು, ಚಿಟಿಕೆ ಅರಶಿನ, ಅರ್ಧ ತೆಂಗಿನಕಾಯಿಯ ಹಾಲು. ಮೊದಲು ಹಿಂಡಿದ ದಪ್ಪ ಹಾಲನ್ನು ಬೇರೆಯಾಗಿ ಎತ್ತಿಡಿ. ಎರಡನೆಯ ತೆಳು ಹಾಲಿಗೆ ನೀರು ಸೇರಿಸಿ ಒಂದು ಲೀಟರ್ ಮಾಡಿಕೊಂಡು ಅದರಲ್ಲೇ ಬೇಳೆ, ಗೆಣಸು, ಬಾಡಿಸಿದ ನೀರುಳ್ಳಿ-ಶುಂಠಿ, ಸೀಳಿದ ಮೆಣಸು, ಅರಶಿನ, ಉಪ್ಪು ಹಾಕಿ ಅರ್ಧ ಗಂಟೆ ಬೇಯಿಸಿ. ಮೆಣಸನ್ನು ಎತ್ತಿ ಹೊರಗಿಟ್ಟು, ಆರಿದ ಮೇಲೆ ಅರೆದು, ಮತ್ತೆ ಬಿಸಿ ಮಾಡಿ, ದಪ್ಪ ಹಾಲು ಸೇರಿಸಿ. ದಪ್ಪ ಹಾಲು ಹಾಕಿದ ಮೇಲೆ ಜೋರಾಗಿ ಕುದಿಸಿದರೆ ಎಣ್ಣೆ ಬೇರ್ಪಟ್ಟು ತರಿತರಿಯಾಗುತ್ತದೆ. ಉರಿ ಆರಿಸಿ ಅರ್ಧ ಲಿಂಬೆ ಹಿಂಡಿದರೆ ಆಯಿತು.

ಇದಕ್ಕಿಂತಲೂ ಹೆಚ್ಚು ನಮ್ಮೂರಿಗೆ ಒಗ್ಗುವುದು ಸಿಗಡಿಯ ಜೊತೆ ಮಾಡುವ ಗೆಣಸಿನ ಸೂಪು ಎಂದು ನನ್ನ ಅಭಿಪ್ರಾಯ. ಸಿಗಡಿ ಸ್ವಚ್ಛ ಮಾಡುವಾಗ ಎಸೆಯುವ ತಲೆ, ಸಿಪ್ಪೆಗಳನ್ನು ತೊಳೆದು ಎಣ್ಣೆಯಲ್ಲಿ ಕೆಂಪಗೆ ಹುರಿದು ಇಪ್ಪತ್ತು ನಿಮಿಷ ಕುದಿಸಿ ಸೋಸಿದರೆ ಒಳ್ಳೆಯ ಸಾರು ಸಿಗುತ್ತದೆ. ನೀರಿನ ಬದಲು ಇದನ್ನು ಬಳಸಿ, ಸಿಗಡಿಯನ್ನು ಕೊನೆಯ ಮೂರು ನಿಮಿಷ ಮಾತ್ರ ಬೇಯಿಸಿ. ಗೆಣಸಿನ ಸಿಹಿಗೂ ಸಿಗಡಿಗೂ ಇರುವ ಹೊಂದಾಣಿಕೆ ಕುಡಿದು ನೋಡಿದವರಿಗೇ ಗೊತ್ತು. ಹೊರಗೆ ಕೊಡುವುದಾದರೆ ಸಿಗಡಿ ಯಾರಿಗಾದರೂ ಆಗುವುದಿಲ್ಲವೇ ಎಂದು ಮೊದಲೇ ವಿಚಾರಿಸಿ.

ಗೆಣಸಿನಲ್ಲಿ ‘ಎ’ ಜೀವಸತ್ವ ಬಹಳವಿದೆ ಎಂದು ಎಲ್ಲೆಡೆ ಓದುತ್ತೇವೆ. ಇದು ಒಳಗೆ ಕಿತ್ತಳೆ ಬಣ್ಣದ ಗೆಣಸಿಗೆ ಸಲ್ಲುವ ಮಾತು. ಹೊರಗೆ ಕೆಂಪು, ಒಳಗೆ ಬಿಳಿ ಇರುವ ನಮ್ಮ ಸಂತೆಯ ಗೆಣಸಿನಲ್ಲಿ ಅದು ತೀರಾ ಕಡಿಮೆ. ಕಿತ್ತಳೆ ಗೆಣಸನ್ನು ಆಫ್ರಿಕಾದ ಬಡ ಮಕ್ಕಳ ಊಟದ ತಟ್ಟೆಗೆ ತಲುಪಿಸಿದ ವಿಜ್ಞಾನಿಗಳಿಗೆ 2016ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಸಂದಿತು. ನಮ್ಮಲ್ಲೂ ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ‘ಭೂ ಸೋನಾ’ ಎಂಬ ಕಿತ್ತಳೆ ತಳಿಯನ್ನು ಕೊಟ್ಟಿದೆ. ಭತ್ತ ಕೊಯ್ದ ಗದ್ದೆಯಲ್ಲಿ ಏರು ಮಾಡಿ ಗೆಣಸಿನ ಬಳ್ಳಿ ನೆಡುವ ಮನೆಗಳವರು ಇದನ್ನು ವಿಚಾರಿಸಿ ನೋಡಬಹುದು. ಈ ಸತ್ವ ಮೈಗೆ ಹತ್ತಲು ಸ್ವಲ್ಪ ಎಣ್ಣೆ-ಕೊಬ್ಬು ಬೇಕು. ತೆಂಗಿನ ಹಾಲು ಆ ಕೆಲಸ ಮಾಡುತ್ತದೆ.

ಯಾರಿಗೆ ಕೊಡುವಾಗ ಜಾಗ್ರತೆ?

ಸಕ್ಕರೆ ಕಾಯಿಲೆಯವರಿಗೆ ಬಟಾಟೆ ವಿಷ, ಗೆಣಸು ಔಷಧಿ ಎಂಬ ಮಾತು ಹಬ್ಬಿದೆ. ಎರಡೂ ಸರಿಯಲ್ಲ. ಎರಡರಲ್ಲೂ ಪಿಷ್ಟ ಸಕ್ಕರೆಗಳ ಒಟ್ಟು ಪ್ರಮಾಣ ಹೆಚ್ಚುಕಡಿಮೆ ಸಮಾನ. ಸೂಪನ್ನು ಅನ್ನ, ಗಂಜಿ, ಬ್ರೆಡ್ಡಿನ ಬದಲಿಗೆ ಕೊಡಬೇಕು, ಜೊತೆಗೆ ಅಲ್ಲ. ನುಣ್ಣಗೆ ಅರೆದಷ್ಟೂ ಬೇಗ ಜೀರ್ಣವಾಗಿ ರಕ್ತದ ಸಕ್ಕರೆ ಬೇಗ ಏರುತ್ತದೆ. ಆದ್ದರಿಂದ ಅಗಿಯಲು ಆಗುವವರಿಗೆ ಹೋಳು, ಬೇಳೆ, ಸೊಪ್ಪು ಹೆಚ್ಚಿರುವ ಸೂಪು ಒಳ್ಳೆಯದು.

ಮೂತ್ರಪಿಂಡದ ತೊಂದರೆಯವರ ವಿಷಯ ಇದಕ್ಕಿಂತ ಗಂಭೀರ. ಬಟಾಟೆ, ಗೆಣಸು ಎರಡರಲ್ಲೂ ಪೊಟ್ಯಾಸಿಯಂ ಹೇರಳವಾಗಿದೆ. ಸಾಮಾನ್ಯರಿಗೆ ಅದು ಲಾಭ; ಆದರೆ ಪೊಟ್ಯಾಸಿಯಂ ಕಡಿಮೆ ಮಾಡಲು ವೈದ್ಯರು ಹೇಳಿದವರಿಗೆ, ಡಯಾಲಿಸಿಸ್ ಆಗುತ್ತಿರುವವರಿಗೆ ಅದು ಹೃದಯದ ಬಡಿತಕ್ಕೇ ಅಪಾಯ ತರಬಹುದು. ಸಣ್ಣ ಹೋಳು ಮಾಡಿ ಧಾರಾಳ ನೀರಿನಲ್ಲಿ ಬೇಯಿಸಿ ಆ ನೀರನ್ನು ಚೆಲ್ಲಿದರೆ ಬಟಾಟೆಯ ಪೊಟ್ಯಾಸಿಯಂ ಅರ್ಧದಷ್ಟು ಇಳಿಯುತ್ತದೆ. ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿಟ್ಟರೆ ಹೆಚ್ಚೇನೂ ಇಳಿಯುವುದಿಲ್ಲ. ಸೂಪಿನಲ್ಲಾದರೋ ಬೇಯಿಸಿದ ನೀರನ್ನೇ ಕುಡಿಯುತ್ತೇವೆ! ಹಾಗಾಗಿ ರೋಗಿಗಳ ಮನೆಗೆ ಪ್ರೀತಿಯಿಂದ ಕೊಂಡೊಯ್ಯುವ ಮುನ್ನ ಈ ಒಂದು ಪ್ರಶ್ನೆಯನ್ನು ಮನೆಯವರಲ್ಲಿ ಕೇಳಲೇಬೇಕು.

ಪಾರ್ಶ್ವವಾಯು ಆದವರಲ್ಲಿ ಕೆಲವರಿಗೆ ನುಂಗುವುದು ಕಷ್ಟ. ತೆಳುವಾದ ನೀರಿಗಿಂತ ಗಟ್ಟಿ ದ್ರವ ಅವರಿಗೆ ಸುಲಭ ಎಂದು ವೈದ್ಯರು ಸೂಚಿಸುವುದುಂಟು. ಆದರೆ ತೆಳು ಸಾರಿನಲ್ಲಿ ತೇಲುವ ಹೋಳು, ನೆನೆದ ಬ್ರೆಡ್ಡಿನ ಚೂರು ಎಲ್ಲಕ್ಕಿಂತ ಅಪಾಯಕಾರಿ. ನೀರು ಮೊದಲು ಜಾರಿ ಶ್ವಾಸನಾಳಕ್ಕೆ ಹೋಗಬಹುದು. ಇವರಿಗೆ ಒಂದೇ ಹದದ ನುಣ್ಣನೆಯ ಸೂಪನ್ನು, ನೇರವಾಗಿ ಕೂರಿಸಿ, ಸಣ್ಣ ಚಮಚದಲ್ಲಿ, ಚಿಕಿತ್ಸೆ ನೀಡುವವರು ಹೇಳಿದ ಗಟ್ಟಿತನದಲ್ಲೇ ಕೊಡಬೇಕು. ಮಲಗಿಸಿ ಬಾಯಿಗೆ ಹೊಯ್ಯುವುದಂತೂ ಖಂಡಿತ ಬೇಡ.

ಉಪ್ಪಿನ ಬಗ್ಗೆ ಹೇಳುವುದಾದರೆ, ವಯಸ್ಕರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮೇಲೆ ಹೇಳಿದ ಅಳತೆಯಲ್ಲಿ ಒಬ್ಬರ ಪಾಲಿಗೆ ಬರುವುದು ಸುಮಾರು ಒಂದೂವರೆ ಗ್ರಾಂ.

ಹೊತ್ತೊಯ್ಯುವುದು, ಉಳಿಸುವುದು

ವಾಳೆಯಲ್ಲಿ ಹಾಸಿಗೆ ಹಿಡಿದವರ ಮನೆಗೆ ಸೂಪು ಕೊಂಡೊಯ್ಯುವವರು ಮೊದಲು ಫ್ಲಾಸ್ಕಿಗೆ ಕುದಿಯುವ ನೀರು ಹೊಯ್ದು ಐದು ನಿಮಿಷ ಬಿಟ್ಟು ಚೆಲ್ಲಿ, ನಂತರ ಕುದಿಯುತ್ತಿರುವ ಸೂಪನ್ನೇ ತುಂಬಿಸಬೇಕು. ಉಗುರುಬೆಚ್ಚಗಿನ ಸೂಪನ್ನು ಫ್ಲಾಸ್ಕಿನಲ್ಲಿಡುವುದೆಂದರೆ ರೋಗಾಣುಗಳಿಗೆ ಬೆಚ್ಚನೆಯ ಮನೆ ಕಟ್ಟಿಕೊಟ್ಟ ಹಾಗೆ. ಸಭೆ ಸಮಾರಂಭಕ್ಕೆ 50 ಜನರಿಗೆ ಮಾಡುವುದಾದರೆ 6 ಕಿಲೋ ಬಟಾಟೆ, ಒಂದೂಕಾಲು ಕಿಲೋ ಬೇಳೆ ಸಾಕು. ನೀರನ್ನು ಮಾತ್ರ ಅದೇ ಲೆಕ್ಕದಲ್ಲಿ ಹೆಚ್ಚಿಸಬೇಡಿ. ದೊಡ್ಡ ಪಾತ್ರೆಯಲ್ಲಿ ಆವಿಯಾಗುವುದು ಕಡಿಮೆ, ಹನ್ನೆರಡು ಲೀಟರಿನಿಂದ ಶುರುಮಾಡಿ ಬೇಕಾದರೆ ಬಿಸಿನೀರು ಸೇರಿಸಿ. ಬೇಳೆ ಮೊದಲೇ ಬೇರೆ ಬೆಂದಿದ್ದರೆ ತಳ ಹಿಡಿಯುವ ಭಯ ಕಡಿಮೆ.

ಉಳಿದ ಸೂಪನ್ನು ದೊಡ್ಡ ಪಾತ್ರೆಯಲ್ಲಿ ಬೆಳಗಿನ ತನಕ ಒಲೆಯ ಮೇಲೆಯೇ ಬಿಡುವ ರೂಢಿ ಅಪಾಯಕಾರಿ, ನಮ್ಮ ಸೆಕೆಗಂತೂ ಇನ್ನೂ ಹೆಚ್ಚು. ಅಗಲ ಬಾಯಿಯ ಸಣ್ಣ ಪಾತ್ರೆಗಳಿಗೆ ಹಂಚಿ, ತಣ್ಣೀರಿನ ತಟ್ಟೆಯಲ್ಲಿಟ್ಟು ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಎರಡು ದಿನದೊಳಗೆ ಮುಗಿಸಿ. ಪ್ರತಿ ಸಲ ಬೇಕಾದಷ್ಟನ್ನೇ ತೆಗೆದು ಪೂರ್ತಿ ಕುದಿಸಬೇಕು. ಮರುದಿನ ಬಟಾಟೆಯ ಸೂಪು ಮುದ್ದೆಯಂತೆ ಗಟ್ಟಿಯಾಗಿರುತ್ತದೆ. ತಣ್ಣಗಾದಾಗ ಹಿಟ್ಟು ಬಿಗಿಯುವುದೇ ಅದಕ್ಕೆ ಕಾರಣ, ಕೆಟ್ಟಿದೆ ಎಂದಲ್ಲ. ಬಿಸಿನೀರು ಬೆರೆಸಿ ಕುದಿಸಿದರೆ ಮೊದಲಿನಂತಾಗುತ್ತದೆ. ಅಥವಾ ಅದಕ್ಕೆ ಅಕ್ಕಿಹಿಟ್ಟು, ಹೆಚ್ಚಿದ ಹಸಿಮೆಣಸು, ಸ್ವಲ್ಪ ತೆಂಗಿನತುರಿ ಸೇರಿಸಿ ಕಲಸಿ, ಬಾಳೆಲೆಯ ಮೇಲೆ ತಟ್ಟಿ ಕಾವಲಿಯಲ್ಲಿ ಬೇಯಿಸಿದರೆ ಬೆಳಗಿನ ಚಹಾಕ್ಕೆ ಮೆತ್ತನೆಯ ರೊಟ್ಟಿ ಸಿದ್ಧ.